ಗೋಡೆಗೆ ಅಂಗೈ

ಕೋಟಣ್ಣ ಸಂಗೀತವನ್ನು ಅಂಗೈಯಿಂದ ಕೇಳುತ್ತಾನೆ. ಹೊಸ ರೆಕಾರ್ಡೊಂದನ್ನು ತಿರುಗುಮಣೆಯ ಮೇಲಿಟ್ಟು ಮುಳ್ಳನ್ನು ಅಂಚಿಗೆ ಇಳಿಸಿದ ಮೇಲೆ, ಬೇರೆಯವರಾದರೆ ಸ್ಪೀಕರಿನ ಮುಂದೆ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ. ಇವನು ಆಳೆತ್ತರದ ಆ ಎರಡು ಸ್ಪೀಕರುಗಳಿಗೆ ಬೆನ್ನು ಹಾಕಿ, ಕೋಣೆಯನ್ನು ದಾಟಿ ಎದುರು ಗೋಡೆಯ ಬಳಿಗೆ ಹೋಗಿ, ಬಣ್ಣ ಸವೆದು ಒಳಗಿನ ಗಾರೆ ಇಣುಕುವ ಒಂದು ಜಾಗದಲ್ಲಿ ಬಲಗೈಯನ್ನು ಊರಿ, ತಲೆ ತಗ್ಗಿಸಿ ನಿಂತುಬಿಡುತ್ತಾನೆ. ನಾಡಿ ನೋಡುವ ವೈದ್ಯರು ರೋಗಿಯ ಎದುರಿಗೇ ಕೂತಿದ್ದರೂ ಎಲ್ಲಿಗೋ ಹೋಗಿಬಿಟ್ಟಂತೆ ಕಾಣುತ್ತಾರಲ್ಲ, ಆಗ ಅವನ ಮುಖವೂ ಹಾಗೇ ಇರುತ್ತದೆ. ನೋಡಲು ಬಂದ ಹೊಸಬರು, ಆಹಾ, ಮನುಷ್ಯ ತಾಳದ ಕಂಪನವನ್ನು ಗೋಡೆಯಲ್ಲೇ ಅಳೆಯುತ್ತಿದ್ದಾನೆ ಎಂದು ಬೆರಗಾಗಿ ತಲೆದೂಗುತ್ತಾರೆ. ಕೋಟಣ್ಣ ಅವರ ತಿಳಿವಳಿಕೆಯನ್ನು ತಿದ್ದಲು ಹೋಗುವುದಿಲ್ಲ. ನಿಜಸಂಗತಿ ಬೇರೆಯೇ ಇದೆ; ಈಗ ಎಲ್ಲವೂ ಸುಸೂತ್ರವಾಗಿ ಮುಗಿದು ಸಂಬಂಧಪಟ್ಟವರೆಲ್ಲರ ಎದೆಯ ಮೇಲಿನ ಕಲ್ಲು ಇಳಿದಿರುವುದರಿಂದ, ಅದನ್ನು ನಿರಾಳವಾಗಿ ಹೇಳಬಹುದು.

ಮೊದಲು ಕೋಟಿನ ವಿಷಯ ಹೇಳದಿದ್ದರೆ ಕೋಟಣ್ಣ ಕೋಟಣ್ಣನಾಗುವುದಿಲ್ಲ. ಅದು ಮೊಣಕಾಲು ಮುಟ್ಟುವ ಬೂದುಬಣ್ಣದ ನಿಲುವಂಗಿ; ಎಡ ಮಗ್ಗುಲಿನ ಒಳಗಡೆ, ಲೈನಿಂಗಿನ ಮೇಲೆ, ದೊಡ್ಡ ರೆಕಾರ್ಡೊಂದು ಸಲೀಸಾಗಿ ಇಳಿಯುವಷ್ಟು ಅಗಲದ ಚೌಕಾಕಾರದ ಜೇಬಿದೆ. ಲೋಕದಲ್ಲಿ ಜೇಬಿಗೆ ತಕ್ಕ ವಸ್ತುಗಳನ್ನು ಇಟ್ಟುಕೊಳ್ಳುವವರೇ ಎಲ್ಲರೂ, ವಸ್ತುವಿಗೆ ತಕ್ಕ ಜೇಬನ್ನು ಹೊಲಿಸಿಕೊಂಡವನು ಇವನೊಬ್ಬ. ಹೊಸ ರೆಕಾರ್ಡಿನ ತಟ್ಟೆ ಜೇಬಿನಲ್ಲಿದ್ದ ದಿನ ಅವನು ಸೊಂಟ ಬಗ್ಗಿಸುವಂತಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಾನೆ; ಕೈಯಿಂದ ಬೀಗದ ಕೈ ಜಾರಿ ಬಿದ್ದರೆ ಬೆನ್ನನ್ನು ನೆಟ್ಟಗಿಟ್ಟುಕೊಂಡೇ ಎರಡೂ ಮಂಡಿ ಮಡಚಿ, ಒಂಟೆ ಕೂರುವ ಕ್ರಮದಲ್ಲಿ ನೆಲಕ್ಕಿಳಿದು ಎತ್ತಿಕೊಳ್ಳುತ್ತಾನೆ. ಪರಿಚಯವಿಲ್ಲದವರು ಇದನ್ನು ಗರ್ವವೆಂದು ತಿಳಿದು ಮೂಗು ಮುರಿಯುವುದುಂಟು. ಬೇಸಗೆಯಲ್ಲೂ ಆ ಕೋಟು ಮೈಮೇಲಿಂದ ಇಳಿಯದ್ದರಿಂದ ಗೆಳೆಯರ ಬಾಯಲ್ಲಿ ಅವನ ಹುಟ್ಟುಹೆಸರು ಅಳಿಸಿಹೋಗಿ ಕೋಟಣ್ಣನೆಂಬುದೇ ಉಳಿದಿದೆ.

ಅವನು ನಡೆಸುವುದು ಒಂದು ಸಣ್ಣ ಲೇಬಲ್ಲು, ಅಂದರೆ ಕುಣಿತದ ಸಂಗೀತದ ತಟ್ಟೆಗಳನ್ನು ಹೊರತರುವ ಸ್ವಂತ ಸಂಸ್ಥೆ. ಸಂಸ್ಥೆ ಎಂದರೆ ಅವನು, ಅವನ ಕೋಣೆ, ಆ ಕೋಟು, ಬೇರೆ ಸಿಬ್ಬಂದಿಯಿಲ್ಲ. ಹೆಸರು 'ಪಕ್ಕದ್ಮನೆ ರೆಕಾರ್ಡ್ಸ್'. ಸದ್ದು ತಾಳಲಾರದೆ ಜಗಳಕ್ಕೆ ಬರುವ ನೆರೆಯವರನ್ನು ಕುರಿತ ತಮಾಷೆ ಅದು ಎಂದು ಎಲ್ಲರೂ ಭಾವಿಸಿದ್ದಾರೆ, ಅದನ್ನೂ ಅವನು ತಿದ್ದಿಲ್ಲ. ಅವನು ತರುವುದು ಹೌಸ್ ಮತ್ತು ಟೆಕ್ನೋ, ಈ ಎರಡೇ. ಎರಡರ ಬೆನ್ನೆಲುಬೂ ಒಂದೇ: ಮೊದಲಿಂದ ಕೊನೆಯವರೆಗೆ ತಪ್ಪದೆ ಬೀಳುವ ನಾಲ್ಕು ಸಮ ಪೆಟ್ಟುಗಳು. ಆ ಪೆಟ್ಟಿನ ಮೇಲೆ ಕೊಂಚ ಬಿಸಿ, ಕೊಂಚ ಬಳುಕು, ಎಲ್ಲೋ ಒಂದು ಹೆಣ್ಣುದನಿಯ ಆಲಾಪ ಸೇರಿದರೆ ಹೌಸ್. ಎಲ್ಲವನ್ನೂ ತೆಗೆದುಹಾಕಿ ಯಂತ್ರಗಳೇ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಂತೆ ಬಿಟ್ಟರೆ ಟೆಕ್ನೋ. ಅವನ ಬಳಿ ಬರುವವರು ಹಗಲಲ್ಲಿ ಬೇರೆ ಬೇರೆ ಕಸುಬಿನವರು, ಬಿಡುವಿನಲ್ಲಿ ಮನೆಯ ಮೂಲೆಯೊಂದರಲ್ಲಿ ಯಂತ್ರಗಳ ಗುಂಡಿ ತಿರುಗಿಸುತ್ತ ಸಂಗೀತ ಕಟ್ಟುವವರು.

ಅವರೆಲ್ಲ ಅವನ ಬಾಯಿಂದ ನಿರೀಕ್ಷಿಸುವುದು ಒಂದೇ ಶಬ್ದ, ಅದು "ನೋಡೋಣ". ಏನೇ ಕೇಳಿದರೂ ಕೋಟಣ್ಣ ಮೊದಲು ಕೋಟಿನ ಮೇಲಿನ ಗುಂಡಿಯನ್ನು ಬೆರಳಿಂದ ನಾಲ್ಕು ಸಲ ತಟ್ಟುತ್ತಾನೆ, ಆಮೇಲೆ "ನೋಡೋಣ" ಎನ್ನುತ್ತಾನೆ. ಊಟಕ್ಕೆ ಕರೆದರೂ ಅದೇ, ಅಪಘಾತದ ಸುದ್ದಿ ಹೇಳಿದರೂ ಅದೇ. ಬಲ್ಲವರು ಆ ಶಬ್ದದ ಉದ್ದವನ್ನು ಅಳೆದು ಅರ್ಥ ಮಾಡಿಕೊಳ್ಳುತ್ತಾರೆ: ಚಿಕ್ಕದಾಗಿ ಬಿದ್ದರೆ ಹೌದು, ಎಳೆದು ಬಂದರೆ ಅಲ್ಲ. ಆದರೆ ಒಂದು ರೆಕಾರ್ಡಿನ ವಿಷಯದಲ್ಲಿ ಆ "ನೋಡೋಣ" ಎಂಬುದು ಅಕ್ಷರಶಃ ನಿಜ. ಅವನಿಗೇ ಆ ಹೊತ್ತಿಗೆ ಉತ್ತರ ಗೊತ್ತಿರುವುದಿಲ್ಲ. ಉತ್ತರ ಗೋಡೆಯ ಆಚೆಗಿರುತ್ತದೆ.

ಗೋಡೆಯ ಆಚೆಗೆ ಅಕ್ಕ ಇದ್ದಾಳೆ. ಒಂದೇ ಮಹಡಿಯ ಅಕ್ಕಪಕ್ಕದ ಎರಡು ಮನೆಗಳು. ಇವನ ಸಂಗೀತದ ಕೋಣೆಗೂ ಅವಳ ಹೊಲಿಗೆಯ ಕೋಣೆಗೂ ನಡುವೆ ಒಂದೇ ಒಂದು ಗೋಡೆ. ಅಕ್ಕನೆಂದರೆ ಹೆಸರಿಗಷ್ಟೇ ಅಕ್ಕ, ತಾಯಿಯಂತೆ ಇವನನ್ನು ಸಾಕಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಮದುವೆಗೆಂದು ಯಾರೋ ಬಂದಾಗಲೆಲ್ಲ ಕೈಯಲ್ಲಿ ತುರ್ತಿನ ಕೆಲಸವಿತ್ತು ಎಂದು ಅವಳು ಹೇಳುವುದು ಪೂರ್ತಿ ನಗೆಮಾತೂ ಅಲ್ಲ. ಕಾಲಲ್ಲಿ ತುಳಿಯುವ ಕಬ್ಬಿಣದ ಪೆಡಲಿನ ಹಳೆಯ ಹೊಲಿಗೆಯಂತ್ರದ ಮೇಲೆ ಶಾಲಾಸಮವಸ್ತ್ರ, ಪರದೆ, ವಕೀಲರ ಕರಿಕೋಟು, ಏನು ಬಂದರೂ ಹೊಲಿದವಳು. ತಮ್ಮನ ಕೋಟಿನ ಆ ವಿಚಿತ್ರ ಜೇಬೂ ಅವಳದೇ ಕೈಕೆಲಸ. ತಮ್ಮನ ಸಂಗೀತದ ಬಗ್ಗೆ ಮಾತ್ರ ಅವಳಿಗೆ ಎಳ್ಳಷ್ಟೂ ಗೌರವವಿಲ್ಲ, ಕನಿಷ್ಠ ಬಾಯಿಮಾತಿನಲ್ಲಂತೂ ಇಲ್ಲ. ಮಾತಿಲ್ಲದ, ಕತೆಯಿಲ್ಲದ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ತಿಳಿಯದ ಅದನ್ನು ಹಾಡೆಂದು ಕರೆದರೆ ಮಿಕ್ಸಿಯನ್ನೂ ಹಾಡುಗಾರ್ತಿ ಎನ್ನಬೇಕಾಗುತ್ತದೆ ಎಂಬುದು ಅವಳ ನಿಲುವು.

ಲೇಬಲ್ಲಿನ ಮೊತ್ತಮೊದಲ ತಟ್ಟೆ ಬಂದ ದಿನ ಕೋಟಣ್ಣ ಊಟವನ್ನೂ ಮರೆತು ಅದನ್ನೇ ನುಡಿಸುತ್ತಿದ್ದನಂತೆ. ಕಾರ್ಖಾನೆಯವರು ಸಾವಿರಗಟ್ಟಲೆ ಒತ್ತುವ ಮೊದಲು ಒಪ್ಪಿಗೆಗಾಗಿ ಒಂದೆರಡು ಮಾದರಿ ತಟ್ಟೆ ಕಳಿಸುತ್ತಾರೆ. ಅದನ್ನು ಕೇಳಿ ಸೈ ಅಂದರೆ ಅಂದಂತೆ, ಆಮೇಲೆ ಬಾಯಿ ಬಡಿದುಕೊಂಡರೆ ಏನೂ ಬರುವುದಿಲ್ಲ. ಅವನು ನುಡಿಸಿ ನುಡಿಸಿ ತಲೆ ಕೆಟ್ಟು, ಒಳ್ಳೆಯದೋ ಕೆಟ್ಟದ್ದೋ ಒಂದೂ ತಿಳಿಯದೆ, ಗೋಡೆಗೆ ಕೈಯೂರಿ ನಿಂತಾಗ ಅಂಗೈಗೆ ಎರಡು ಬೇರೆ ಬೇರೆ ಅದುರು ತಾಗಿದವು. ಒಂದು ತನ್ನ ಸ್ಪೀಕರಿನದು. ಇನ್ನೊಂದು ಆಚೆ ಬದಿಯಿಂದ, ಅಕ್ಕನ ಪೆಡಲಿನದು. ಮೊದಲು ಎರಡೂ ತಮ್ಮತಮ್ಮ ಪಾಡಿಗೆ ಇದ್ದವು. ಸ್ವಲ್ಪ ಹೊತ್ತಿನಲ್ಲಿ ಪೆಡಲು ಒಂದಿಷ್ಟು ಹಿಂಜರಿದು, ಒಂದಿಷ್ಟು ಮುನ್ನುಗ್ಗಿ, ಸಂಗೀತದ ಪೆಟ್ಟಿನೊಳಗೆ ಸದ್ದಿಲ್ಲದೆ ಸೇರಿಕೊಂಡಿತು. ಗೋಡೆ ಒಂದೇ ಆಯಿತು. ಅಕ್ಕನಿಗೆ ಅದರ ಅರಿವೇ ಇರಲಿಲ್ಲ. ಆ ತಟ್ಟೆ ಕುಣಿತದ ಮನೆಗಳಲ್ಲೆಲ್ಲ ಓಡಿತು, ಮತ್ತೆ ಮತ್ತೆ ಒತ್ತಿಸಬೇಕಾಯಿತು.

ಅಂದಿನಿಂದ ಅದೇ ಅವನ ನ್ಯಾಯಾಲಯ. ಅಕ್ಕನ ಕಾಲು ಸೇರಿದರೆ ತಟ್ಟೆ ಹೊರಗೆ ಬರುತ್ತದೆ, ಸೇರದಿದ್ದರೆ ಇಲ್ಲ. ಒಮ್ಮೆ ಮಾತ್ರ ಗೆಳೆಯನೊಬ್ಬನ ದಾಕ್ಷಿಣ್ಯಕ್ಕೆ ಬಿದ್ದು, ಪೆಡಲು ಜಪ್ಪಯ್ಯ ಎಂದರೂ ಸೇರದಿದ್ದರೂ ಒಂದು ತಟ್ಟೆಯನ್ನು ಹೊರತಂದ. ಅದರ ಪೆಟ್ಟಿಗೆಗಳು ಇವತ್ತಿಗೂ ಅವನ ಮಂಚದ ಕೆಳಗಿವೆ, ಒಂದು ಕಾಲು ಮುರಿದ ಮೇಲೆ ಮಂಚ ನಿಂತಿರುವುದೇ ಅವುಗಳ ಬಲದಿಂದ. ಈ ಕ್ರಮದ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಅಕ್ಕನಿಗಂತೂ ಖಂಡಿತ ಇಲ್ಲ. ತಿಳಿದರೆ ಅವಳ ಕಾಲು ಎಚ್ಚರವಾಗಿಬಿಡುತ್ತದೆ, ಎಚ್ಚರವಾದ ಕಾಲು ಸುಳ್ಳು ಹೇಳುತ್ತದೆ ಎಂಬ ಅಂಜಿಕೆ. ಇದಕ್ಕೆ ಸೇರಿದ ಇನ್ನೊಂದು ಮೊಂಡುತನವೂ ಇತ್ತು: ಒಮ್ಮೆ ಒಪ್ಪಿಗೆಯಾದ ತಟ್ಟೆಯನ್ನು ಆ ಕೋಣೆಯಲ್ಲಿ ಅವನು ಮತ್ತೆ ನುಡಿಸುತ್ತಿರಲಿಲ್ಲ. ತೀರ್ಪು ಕೊಟ್ಟವರನ್ನು ಮತ್ತೆ ಅದೇ ಪ್ರಶ್ನೆ ಕೇಳುವುದು ಅವಮರ್ಯಾದೆ ಎಂದು ಅವನ ಎಣಿಕೆ. ಈ ಮೊಂಡುತನ ಇಲ್ಲದಿದ್ದರೆ ಮುಂದಿನ ಫಜೀತಿಯ ಅರ್ಧದಷ್ಟಾದರೂ ತಪ್ಪುತ್ತಿತ್ತು.

ಈ ಸಲದ ಹೊಸ ಬಿಡುಗಡೆಗಳು ಎರಡು. ಒಂದು, ಬೇಕರಿಯವನು ಕಟ್ಟಿದ ಹೌಸ್. ಒಲೆಯ ಮುಂದೆ ನಿಂತು ನಿಂತು ಅವನ ಸಂಗೀತಕ್ಕೂ ಒಂದು ಹದವಾದ ಶಾಖ ಬಂದಿದೆ. ಅದರ ಮಾದರಿ ತಟ್ಟೆ ಮೊದಲು ಬಂತು, ಪೆಡಲು ಎರಡು ನಿಮಿಷವೂ ತಡಮಾಡದೆ ಸೇರಿಕೊಂಡಿತು, ಕೋಟಣ್ಣ ಚಿಕ್ಕದೊಂದು "ನೋಡೋಣ" ಹೇಳಿ ಬೇಕರಿಯವನನ್ನು ಕುಣಿಸಿದ. ಇನ್ನೊಂದು ಟೆಕ್ನೋ, ಲಿಫ್ಟಿನವಳದು.

ಲಿಫ್ಟಿನವಳು ಎತ್ತರದ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವ ಹುಡುಗಿ. ಮೊಣಕೈವರೆಗೂ ಗ್ರೀಸು, ಬೆನ್ನಿಗೆ ಸಲಕರಣೆಯ ಚೀಲ, ಮಾತಿನಲ್ಲಿ ಒಂದು ಪದವೂ ಹೆಚ್ಚಿಲ್ಲ. ಲಿಫ್ಟು ಏರಿಳಿಯುವ ಬಾವಿಯೊಳಗೆ ಒಬ್ಬಳೇ ನೇತಾಡುತ್ತ ಕೆಲಸ ಮಾಡುವಾಗ ಕೇಳುವ ಸದ್ದುಗಳನ್ನೆಲ್ಲ, ತಂತಿಹಗ್ಗದ ಮೊರೆತ, ಲಿಫ್ಟಿಗೆ ಸಮತೂಕವಾಗಿ ಕಟ್ಟಿದ ಭಾರದ ಕಲ್ಲು ಸರಿದು ಹೋಗುವ ಉಸಿರು, ಬಾಗಿಲು ಕೂಡಿಕೊಳ್ಳುವ ಮೆತ್ತನೆಯ ಧಡ್ ಎನ್ನುವ ಪೆಟ್ಟು, ಇವನ್ನು ವರ್ಷಗಟ್ಟಲೆ ಸೇರಿಸಿಟ್ಟುಕೊಂಡು ಕಟ್ಟಿದ ಮೊದಲ ಕೃತಿ ಅದು. ಅದರ ನಡುವೆ ಒಂದು ಕಡೆ ಪೆಟ್ಟುಗಳೆಲ್ಲ ನಿಂತುಹೋಗಿ, ಬರಿಯ ಮೊರೆತವೊಂದೇ ಮಹಡಿಯಿಂದ ಮಹಡಿಗೆ ಏರುತ್ತ ಏರುತ್ತ ಹೋಗಿ, ಇನ್ನು ತಡೆಯಲಾಗದು ಎನ್ನುವ ಹೊತ್ತಿಗೆ ಬಾಗಿಲು ತೆರೆದು ತಾಳ ಮರಳುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ಕೋಟಣ್ಣ ಗುಂಡಿ ತಟ್ಟುವುದನ್ನೇ ಮರೆತಿದ್ದ. ತನ್ನ ಇಷ್ಟು ದಿನದ ದುಡಿಮೆಯಲ್ಲಿ ಇಂಥದ್ದು ಕೈಗೆ ಬಂದಿರಲಿಲ್ಲ ಎಂದು ಅವನಿಗೆ ಒಳಗೊಳಗೇ ಖಾತ್ರಿಯಾಗಿತ್ತು.

ಮಾದರಿ ತಟ್ಟೆ ಬಂತು. ಮಧ್ಯಾಹ್ನ, ಅಕ್ಕ ಕೆಲಸಕ್ಕೆ ಕೂತ ಹೊತ್ತು ನೋಡಿ, ಕೋಟಣ್ಣ ಮುಳ್ಳು ಇಳಿಸಿ ಗೋಡೆಗೆ ಅಂಗೈ ಇಟ್ಟ. ಆಚೆಯಿಂದ ಒಂದೆರಡು ಗಳಿಗೆ ಅಸ್ತವ್ಯಸ್ತವಾಗಿ ಏನೋ ಮಿಡುಕಿದಂತಾಯಿತು, ಆಮೇಲೆ ನಿಂತುಹೋಯಿತು. ಸೇರಲಿಲ್ಲ ಎನ್ನುವುದಲ್ಲ, ಯಂತ್ರವೇ ನಿಂತುಹೋಯಿತು. ತಟ್ಟೆ ಮುಗಿಯುವವರೆಗೂ ಗೋಡೆಯಾಚೆ ತುಟಿ ಪಿಟಕ್ಕೆನ್ನದ ಮೌನ. ಮುಳ್ಳು ಎತ್ತಿದ ಮೇಲೆ ಹೊಲಿಗೆ ಮತ್ತೆ ಮೊದಲಾಯಿತು, ಅದೂ ಎಂದಿಗಿಂತ ಮೆಲ್ಲಗೆ. ಅಕ್ಕ ಯಂತ್ರಕ್ಕೆ ಎಣ್ಣೆ ಬಿಟ್ಟಿರಬೇಕು ಎಂದುಕೊಂಡು ಅವನು ಅದನ್ನು ಅಲ್ಲಿಗೇ ಬಿಟ್ಟ.

ಪೆಡಲು ಮುಗ್ಗರಿಸಿದ್ದನ್ನು ಅವನು ಕಂಡಿದ್ದ, ಸೇರದೆ ಹೋದದ್ದನ್ನೂ ಕಂಡಿದ್ದ, ಆದರೆ ಕೆಲಸ ನಿಲ್ಲಿಸಿ ಕೂರುವಷ್ಟು ಅಸಹನೆಯನ್ನು ಕಂಡಿರಲಿಲ್ಲ. ಸಂಜೆ ಊಟಕ್ಕೆ ಕೂತಾಗ, ಇವತ್ತು ಸದ್ದು ಜಾಸ್ತಿಯಾಯಿತೇನು ಎಂದು ತಣ್ಣಗೆ ವಿಚಾರಿಸಿದ. ಅಕ್ಕ ಬೇರೆಲ್ಲೋ ನೋಡುತ್ತ, ಹಾಗೇನಿಲ್ಲ ಎಂದು ಮಾತು ಮರೆಸಿ ಎದ್ದುಹೋದಳು. ಕೋಟಣ್ಣ ಊಟವನ್ನು ಅರ್ಧಕ್ಕೇ ಬಿಟ್ಟು ಕೈತೊಳೆದ. ತಮ್ಮನ ಮನಸ್ಸು ನೋಯಿಸಬಾರದೆಂದು ಅಕ್ಕ ಸುಮ್ಮನಿದ್ದಾಳೆ ಎಂದರೆ ಆ ತಟ್ಟೆ ಎಷ್ಟು ಕೆಟ್ಟಿರಬೇಡ?

ಮರುದಿನವೇ ಅವನು ತಟ್ಟೆಯನ್ನು ಜೇಬಿಗಿಳಿಸಿ, ನೆಟ್ಟಗೆ ನಿಂತುಕೊಂಡೇ, ಕಟಿಂಗ್ ಮೇಷ್ಟ್ರ ಬಳಿಗೆ ಹೋದ. ಅಚ್ಚಿನ ತಟ್ಟೆಯ ಮೇಲೆ ಸಂಗೀತದ ಗೀರು ಕೊರೆಯುವವರು ಅವರು. ಕಿವಿ ಸೂಕ್ಷ್ಮ, ಸಿಟ್ಟು ಅದಕ್ಕಿಂತ ಸೂಕ್ಷ್ಮ. ಮತ್ತೊಮ್ಮೆ ಕೊರೆದುಕೊಡಿ, ಪೆಟ್ಟು ಇನ್ನೂ ಮೆತ್ತಗಾಗಲಿ ಎಂದು ಕೋಟಣ್ಣ ಕೇಳಿಕೊಂಡ. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ನುಡಿಸಿಯೂ ನೋಡಿದರು.

"ಇದ್ರಲ್ಲಿ ತಪ್ಪು ಹುಡುಕೋಕೆ ನನ್ ಕೈಲಿ ಆಗ್ತಿಲ್ಲ. ನಿನಗೇನು ಕೇಳಿಸ್ತಿಲ್ಲ, ಅದನ್ನ ಹೇಳು."

ತನಗೆ ಕೇಳಿಸದೆ ಇದ್ದದ್ದು ಪಕ್ಕದ ಮನೆಯ ಪೆಡಲು ಎಂದು ಯಾವ ಬಾಯಲ್ಲಿ ಹೇಳುವುದು? ಕೋಟಣ್ಣ ಗುಂಡಿ ತಟ್ಟಿದ, ನೋಡೋಣ ಎಂದ. ಮೇಷ್ಟ್ರು ಗೊಣಗುತ್ತ ಮತ್ತೆ ಕೊರೆದುಕೊಟ್ಟರು. ಹೊಸ ಮಾದರಿ ಬರುವವರೆಗೆ ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಬಂದ ದಿನ ಅದೇ ಮಧ್ಯಾಹ್ನ, ಅದೇ ಗೋಡೆ, ಅದೇ ಅಂಗೈ. ಆಚೆ ಮತ್ತೆ ಅದೇ ಮೌನ. ಈ ಸಲ ಮೊದಲ ಪೆಟ್ಟು ಬೀಳುತ್ತಿದ್ದಂತೆಯೇ ಯಂತ್ರ ನಿಂತಿತು.

ಆಗ ಅವನನ್ನು ಹಿಡಿದ ಭಯ ಆ ಒಂದು ತಟ್ಟೆಯದಾಗಿರಲಿಲ್ಲ. ತನಗೆ ಜೀವಮಾನದಲ್ಲೇ ಅತ್ಯುತ್ತಮವೆಂದು ತೋರಿದ್ದು ಅಕ್ಕನ ಕಾಲಿಗೆ ಸಹಿಸಲೂ ಆಗುತ್ತಿಲ್ಲವೆಂದ ಮೇಲೆ ತನ್ನ ಕಿವಿಯೇ ಕೆಟ್ಟಿದೆ. ಇಷ್ಟು ದಿನ ಒಪ್ಪಿದ್ದೆಲ್ಲ ಅಕ್ಕನ ಪುಣ್ಯ, ತನ್ನದೆಂಬುದು ಏನೂ ಇರಲೇ ಇಲ್ಲ. ಹೀಗೆ ಯೋಚಿಸುತ್ತ ಕೈಚೆಲ್ಲಿ ಕೂತವನು ಕೊನೆಗೆ ಲಿಫ್ಟಿನವಳನ್ನು ಕರೆಸಿ, ಈ ತಟ್ಟೆಯನ್ನು ತಾನು ಹೊರತರಲಾರೆನೆಂದೂ ಲೇಬಲ್ಲನ್ನೇ ಮುಚ್ಚುವ ಆಲೋಚನೆಯಿದೆಯೆಂದೂ ನೆಲ ನೋಡುತ್ತ ಹೇಳಿದ. ಅವಳು ಕೆಲಸದ ನಡುವೆ ಬಂದಿದ್ದಳು, ಚೀಲವನ್ನು ಬೆನ್ನಿಂದ ಇಳಿಸಿರಲಿಲ್ಲ.

"ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಿ ಕೋಟಣ್ಣ, ನಾನೇನು ಅಳಲ್ಲ. ಯಾಕೆ ಅಂತ ಮಾತ್ರ ಹೇಳಿ."

"ಗೊತ್ತಿಲ್ಲಮ್ಮ" ಎಂದ ಕೋಟಣ್ಣ. ಆ ಹೊತ್ತು ಅವನು "ನೋಡೋಣ" ಕೂಡ ಅನ್ನಲಿಲ್ಲ.

ಲಿಫ್ಟಿನವಳು ತಲೆಯಾಡಿಸಿದಳು. ಇದರ ನಂತರ ತಾನು ಇನ್ನೊಂದನ್ನು ಕಟ್ಟುವುದಿಲ್ಲ, ಸಲಕರಣೆಗಳನ್ನು ಬೇಕಾದವರಿಗೆ ಕೊಟ್ಟುಬಿಡುತ್ತೇನೆ ಎಂದು ಸಿಟ್ಟಿಲ್ಲದೆ, ಹವಾಮಾನ ಹೇಳುವವರ ಹಾಗೆ ಹೇಳಿ ಮೆಟ್ಟಿಲಿಳಿದು ಹೋದಳು. ಬೈದಿದ್ದರೆ ಕೋಟಣ್ಣನಿಗೆ ಹಗುರವಾಗುತ್ತಿತ್ತು. ಅವಳ ಬೂಟಿನ ಸದ್ದು ಕೊನೆಯ ಮೆಟ್ಟಿಲವರೆಗೂ ಕೇಳಿತು, ಅದರಲ್ಲೂ ಒಂದು ಸಮ ತಾಳವಿತ್ತು.

ಅವಳು ಹೋದ ಮೇಲೆ ಅವನು ಕೋಟನ್ನು ಬಿಚ್ಚಿದ. ಮಡಚಿ ತೋಳಿನ ಮೇಲೆ ಹಾಕಿಕೊಂಡು, ಹಗಲು ಹೊತ್ತಿನಲ್ಲಿ ಎಂದೂ ಕಾಲಿಡದ ಅಕ್ಕನ ಹೊಲಿಗೆ ಕೋಣೆಗೆ ನಡೆದ. ಹೆಂಗಸರು ಬಟ್ಟೆ ಹಾಕಿ ನೋಡುವ ಜಾಗ, ಹೇಳದೆ ಕೇಳದೆ ನುಗ್ಗಬೇಡ ಎಂದು ಅವಳು ಹಿಂದೆಯೇ ಕಟ್ಟಪ್ಪಣೆ ಮಾಡಿದ್ದಳು. ಅದು ಅವನಿಗೆ ಆಗ ನೆನಪಿಗೇ ಬರಲಿಲ್ಲ. ಬಾಗಿಲು ತಳ್ಳಿ, ಈ ಜೇಬನ್ನು ಬಿಚ್ಚಿಕೊಡು, ಮಾಮೂಲಿ ಮನುಷ್ಯರಿಗೆ ಇರುವಂಥ ಜೇಬು ಹಚ್ಚಿಕೊಡು ಎಂದ. ಕೋಟಿಲ್ಲದ ತಮ್ಮನನ್ನು ಹಗಲಲ್ಲಿ ಕಂಡು ಅಕ್ಕ ಬೆಚ್ಚಿಬಿದ್ದಳು. ಬೆಚ್ಚಿ ಬೀಳಲು ಅವಳಿಗೆ ಬೇರೆ ಕಾರಣವೂ ಇತ್ತು, ಏಕೆಂದರೆ ಕೈಗೆ ಸಿಕ್ಕ ಪರದೆಬಟ್ಟೆಯನ್ನು ಅವಳು ಗಡಿಬಿಡಿಯಿಂದ ಯಂತ್ರದ ಬಲಮಗ್ಗುಲಿಗೆ ಎಸೆದು ಏನನ್ನೋ ಮುಚ್ಚಲು ನೋಡಿದಳು. ಪರದೆ ಜಾರಿ ಕೆಳಗೆ ಬಿತ್ತು.

ಅಲ್ಲಿದ್ದದ್ದು ಒಂದು ಕರಿಯ ಮೋಟಾರು, ಹೊಚ್ಚಹೊಸದು. ಹಳೆಯ ಪೆಡಲಿನಿಂದ ಚಕ್ರಕ್ಕೆ ಹೋಗುತ್ತಿದ್ದ ತೊಗಲಿನ ಬೆಲ್ಟು ಬಿಚ್ಚಿಕೊಂಡು ಮೊಳೆಗೆ ನೇತುಬಿದ್ದಿತ್ತು. ನೆಲದ ಮೇಲೆ, ವೈರಿನ ತುದಿಯಲ್ಲಿ, ಅಂಗೈಯಗಲದ ಒಂದು ಕಾಲೊತ್ತು, ಅಂದರೆ ಮೋಟಾರು ಓಡಿಸಲು ಕಾಲಿಂದ ಒತ್ತುವ ಗುಂಡಿ. ಅಕ್ಕನ ಬಲಮಂಡಿಗೆ ಅಗಲವಾದ ಪಟ್ಟಿ ಸುತ್ತಿತ್ತು.

ಕೋಟಣ್ಣನ ಮುಖ ಬಿಳಿಚಿಕೊಂಡಿತು. ಅಕ್ಕ ಮೊದಲು ಅವನನ್ನೇ ಸಮಾಧಾನ ಮಾಡಬೇಕಾಯಿತು: ಗಾಬರಿಯಾಗುವಂಥದ್ದು ಏನೂ ಇಲ್ಲ, ಮಂಡಿ ಸವೆದಿದೆ, ಕಾಲಿಗೆ ಬಿಡುವು ಕೊಟ್ಟರೆ ತಾನೇ ಸರಿಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ, ಈಗಾಗಲೇ ಅರ್ಧ ಸರಿಹೋಗಿಯೂ ಇದೆ. ಮುಚ್ಚಿಟ್ಟದ್ದೇಕೆ ಎಂದರೆ, ಹೇಳಿದ್ದರೆ ನೀನು ಮನೆಯನ್ನೇ ಆಸ್ಪತ್ರೆ ಮಾಡುತ್ತಿದ್ದೆ, ನಿನ್ನನ್ನು ಸಾಕಿಯೇ ಈ ಕಾಲು ಹೋಯಿತೆಂದು ಮೂಲೆ ಹಿಡಿದು ಕೂರುತ್ತಿದ್ದೆ, ಆಮೇಲೆ ನಿನ್ನ ಸಮಾಧಾನ ಮಾಡುವುದೇ ನನಗೊಂದು ಕೆಲಸವಾಗುತ್ತಿತ್ತು ಎಂದು ಗದರಿದಳು. ಅಷ್ಟರಲ್ಲೇ ಕೋಟಣ್ಣ ಮೂಲೆಯ ಸ್ಟೂಲಿನ ಕಡೆಗೆ ಸರಿದಿದ್ದ.

"ಮೋಟಾರು ಯಾವಾಗ ಹಾಕಿಸ್ದೆ?"

"ಆ ಬೆಚ್ಚಗಿರೋ ಸಂಗೀತ ಹಾಕಿದ್ಯಲ್ಲ, ಅದಾದ ಮಾರನೇ ದಿನ."

ಬೆಚ್ಚಗಿರುವ ಸಂಗೀತವೆಂದರೆ ಬೇಕರಿಯವನದು. ಕೋಟಣ್ಣನಿಗೆ ಆ ಮಾತಿನ ಹಿಂದುಮುಂದನ್ನು ತಲೆಯೊಳಗೆ ಜೋಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ತುಳಿಯುವ ಪೆಡಲಿಲ್ಲದ ಮೇಲೆ ಸೇರುವ ಕಾಲೆಲ್ಲಿ? ಆದರೂ ಪೂರ್ತಿ ಸಮಾಧಾನವಾಗಲಿಲ್ಲ. ಮೋಟಾರೇ ಆದರೂ ಅದು ಓಡಬೇಕಿತ್ತು. ತಟ್ಟೆ ಹಾಕಿದಾಗ ಅದು ನಿಂತಿದ್ದೇಕೆ? ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಅವನು ಗೋಡೆಯ ಕತೆಯನ್ನು, ಅಂಗೈಯ ಕತೆಯನ್ನು, ಮಂಚದ ಕೆಳಗಿನ ಪೆಟ್ಟಿಗೆಗಳ ಕತೆಯನ್ನು, ಕೊನೆಗೆ ಲಿಫ್ಟಿನವಳು ಮೆಟ್ಟಿಲಿಳಿದು ಹೋದದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಅಕ್ಕ ಕತ್ತರಿಯನ್ನು ಕೆಳಗಿಟ್ಟು ಅವನನ್ನೇ ನೋಡುತ್ತ ಕೇಳಿದಳು.

"ಹಾಗಾದ್ರೆ ಇಷ್ಟು ವರ್ಷ ನನ್ ಹತ್ರ ಪುಕ್ಕಟೆ ಕೆಲಸ ಮಾಡಿಸ್ಕೊಂಡಿದೀಯ."

ಅವನು ಪೆಚ್ಚುಮೋರೆ ಹಾಕಿಕೊಂಡು ನಿಂತ. ಆಮೇಲೆ ಅಕ್ಕ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಹೊಲಿಯಲು ಬಂದಿದ್ದ ವಕೀಲರ ಕರಿಕೋಟಿನ ತೋಳಿನಲ್ಲೇ ಒರೆಸಿಕೊಂಡಳು. ನಗೆಯ ನಡುನಡುವೆ ಅವಳು ಹೇಳಿದ್ದು ಇಷ್ಟು. ಆ ಲಿಫ್ಟಿನ ತಟ್ಟೆ ಮೊದಲ ಸಲ ಶುರುವಾದಾಗ ಅವಳ ಕಾಲು, ಅಭ್ಯಾಸಬಲದಿಂದ, ತಾನಾಗಿಯೇ ತಾಳ ಹಾಕಲು ಹೋಯಿತು. ಹಳೆಯ ಪೆಡಲಾಗಿದ್ದರೆ ಏನೂ ಆಗುತ್ತಿರಲಿಲ್ಲ. ಮೋಟಾರಿನ ಕಾಲೊತ್ತು ಹಾಗಲ್ಲ, ತುಳಿದ ಪೆಟ್ಟಿಗೆ ಸೂಜಿ ಹುಚ್ಚು ಹಿಡಿದಂತೆ ಹಾರುತ್ತದೆ. ಒಂದು ಮಗುವಿನ ಸಮವಸ್ತ್ರದ ಕಾಲರು ಹೊಲಿಯುತ್ತಿದ್ದಳು, ನೋಡನೋಡುತ್ತಿದ್ದಂತೆ ಹೊಲಿಗೆ ಬೆನ್ನಿನವರೆಗೆ ಓಡಿಬಿಟ್ಟಿತು. ಕಾಲನ್ನು ಸುಮ್ಮನಿರಿಸಲು ನೋಡಿದಳು, ಇರಲಿಲ್ಲ. ಬೈಯೋಣವೆಂದರೆ ಮೋಟಾರಿನ ಗುಟ್ಟು ಬಯಲಾಗುತ್ತದೆ. ಬೇರೆ ದಾರಿ ಕಾಣದೆ ಎರಡೂ ಕಾಲನ್ನು ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡು, ತಟ್ಟೆ ಮುಗಿಯುವವರೆಗೆ ಕೂತಳು. ಎರಡನೆಯ ಸಲ ಮೊದಲ ಪೆಟ್ಟಿಗೇ ಎತ್ತಿಟ್ಟುಕೊಂಡಳು.

"ಕೂತ್ಕೊಂಡು ಏನ್ ಮಾಡ್ದೆ?" ಎಂದು ಕೇಳಿದ ಕೋಟಣ್ಣ. ಅವನ ದನಿ ಅವನಿಗೇ ಬೇರೆಯವರದೆನಿಸಿತು.

"ಇನ್ನೇನ್ ಮಾಡ್ಲಿ, ಕೈ ಕಟ್ಕೊಂಡು ಕೇಳ್ದೆ. ನಿನ್ ಸಂಗೀತನ ನಾನು ಕೆಲಸ ಬಿಟ್ಟು ಕೇಳಿದ್ದು ಅದೇ ಮೊದಲು ಕಣೋ. ಮಧ್ಯೆ ಎಲ್ಲಾ ನಿಂತು ಏನೋ ಮೇಲಕ್ಕೆ ಹೋಗ್ತಾ ಇರುತ್ತಲ್ಲ, ಅದು ಬಾಗಿಲು ತೆಗೆಯೋವರೆಗೂ ಉಸಿರೇ ಬಿಡ್ಲಿಲ್ಲ ನಾನು."

ಅದು ಬಾಗಿಲೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೋಟಣ್ಣ ಗೋಡೆಗೆ ಒರಗಿದ, ತನ್ನ ಬದಿಯ ಗೋಡೆಗಲ್ಲ, ಆಚೆ ಬದಿಯದಕ್ಕೆ, ಮತ್ತು ಹಾಗೇ ಜಾರಿ ನೆಲದ ಮೇಲೆ ಕುಳಿತ. ಇಷ್ಟು ವಾರಗಳಿಂದ ಬಿಗಿಹಿಡಿದಿದ್ದ ಉಸಿರು ಒಮ್ಮೆಲೆ ಹೊರಬಿದ್ದಿತು. ತಟ್ಟೆ ಕೆಟ್ಟಿರಲಿಲ್ಲ. ಅಕ್ಕನಿಗೆ ಏನೂ ಆಗಿರಲಿಲ್ಲ. ತನ್ನ ಕಿವಿ, ಅದೂ ಕೆಟ್ಟಿರಲಿಲ್ಲ. ಒಂದೇ ಸಲಕ್ಕೆ ಇಷ್ಟೆಲ್ಲ ನೆಮ್ಮದಿ ಮೇಲೆ ಬಿದ್ದರೆ ಅಭ್ಯಾಸವಿಲ್ಲದ ಮನುಷ್ಯನಿಗೆ ಏಳಲು ಆಗುವುದಿಲ್ಲ. ಅವನು ತುಂಡುಬಟ್ಟೆಗಳ ನಡುವೆ ಕಾಲು ಚಾಚಿಕೊಂಡು ಕೂತೇ ಇದ್ದ. ಅಕ್ಕ ಅವನ ಕೈಯಿಂದ ಕೋಟನ್ನು ತೆಗೆದುಕೊಂಡು ಜೇಬಿನ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ, ಬಿಚ್ಚುವುದಿರಲಿ, ಒಂದು ಮೂಲೆ ಸಡಿಲವಾಗಿದೆಯೆಂದು ಹೇಳಿ, ಅಲ್ಲೇ ಕೈಯಲ್ಲಿ ನಾಲ್ಕು ಗಟ್ಟಿ ಹೊಲಿಗೆ ಹಾಕಿಕೊಟ್ಟಳು. ಕೊಡುವಾಗ ಇನ್ನೊಂದು ಮಾತು ಹೇಳಿದಳು: ಎರಡನೆಯ ಸಲ ತಂದದ್ದು ಯಾಕೋ ಸಪ್ಪೆಯಾಗಿತ್ತು, ಮೊದಲನೆಯದೇ ಸರಿಯಿತ್ತು.

ಆ ಮಾತನ್ನು ಕೇಳಿ ಕಟಿಂಗ್ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಕೋಟಣ್ಣನನ್ನು ಬಹಳ ಹೊತ್ತು ನೋಡಿದರಷ್ಟೆ. ಬೈಗುಳಕ್ಕಿಂತ ಅದು ಜಾಸ್ತಿಯೇ ಆಯಿತು. ಲಿಫ್ಟಿನವಳನ್ನು ಹುಡುಕಿಕೊಂಡು ಅವನು ಅವಳು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೇ ಹೋದ. ಅವಳು ಬಾವಿಯೊಳಗೆ ಎಲ್ಲೋ ಮೇಲೆ ಇದ್ದಳು. ಇವನು ತೆರೆದ ಬಾಗಿಲ ಬಳಿ ನಿಂತು, ಕತ್ತೆತ್ತಿ, ತಟ್ಟೆ ಬರುತ್ತದೆಂದು ಕೂಗಿ ಹೇಳಿದ. ಮೇಲುಗಡೆ ಸ್ಪ್ಯಾನರಿನಿಂದ ಕಬ್ಬಿಣದ ಹಳಿಯ ಮೇಲೆ ನಾಲ್ಕು ಸಮ ಪೆಟ್ಟುಗಳು ಬಿದ್ದವು, ಕೋಟಣ್ಣ ಗುಂಡಿ ತಟ್ಟುವ ಅದೇ ಲಯದಲ್ಲಿ, ಮತ್ತು ಚಿಕ್ಕದೊಂದು "ನೋಡೋಣ" ಬಾವಿಯುದ್ದಕ್ಕೂ ಇಳಿದು ಬಂತು. ತನ್ನ ಗುಂಡಿಯ ತಾಳವನ್ನೂ ಜನ ಗಮನಿಸಿದ್ದಾರೆಂದು ಅವನಿಗೆ ತಿಳಿದದ್ದು ಆಗಲೇ.

ತಟ್ಟೆ ಬಂದಿದೆ. ಮುಳ್ಳು ಸಂಗೀತವನ್ನು ದಾಟಿ ನಡುವಿನ ಕಾಗದದ ಹತ್ತಿರ ಬರುವ ಖಾಲಿ ಜಾಗದಲ್ಲಿ ಒಂದು ಸಾಲನ್ನು ಕೈಯಿಂದ ಗೀರಿಸುವ ಪದ್ಧತಿ ಈ ಕಸುಬಿನಲ್ಲಿ ಉಂಟು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಲಿಫ್ಟಿನವಳ ತಟ್ಟೆಯಲ್ಲಿ ಅಲ್ಲಿ 'ಅಕ್ಕ ಕಾಲು ಎತ್ತಿಟ್ಟಳು' ಎಂದಿದೆ. ಕೊಂಡವರು ಅದರ ಅರ್ಥಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ, ಕೋಟಣ್ಣ ಎಂದಿನಂತೆ ತಿದ್ದಿಲ್ಲ. ಅಕ್ಕ ಈಗ ಹೊಸ ತಟ್ಟೆ ಬಂದ ಮಧ್ಯಾಹ್ನ ಕೆಲಸ ಬದಿಗಿಟ್ಟು ಇವನ ಕೋಣೆಗೇ ಬಂದು ಮಂಚದ ಮೇಲೆ ಕೂರುತ್ತಾಳೆ, ಕಾಲನ್ನು ಮಂಚದಡಿಯಿಂದ ಹೊರಚಾಚಿದ ಪೆಟ್ಟಿಗೆಯ ಮೇಲಿಟ್ಟುಕೊಂಡು, ಮೂಗು ಮುರಿಯುತ್ತ. ಕೋಟಣ್ಣ ಅಭ್ಯಾಸ ಬಿಡಲಾರದೆ ಗೋಡೆಗೆ ಅಂಗೈ ಇಟ್ಟೇ ನಿಲ್ಲುತ್ತಾನೆ; ಆಚೆ ಯಾರೂ ಇಲ್ಲವೆಂದು ಗೊತ್ತಿದ್ದೂ ನಿಲ್ಲುತ್ತಾನೆ.

ಇಂಥವರದೊಂದು ಪಂಗಡವೇ ಇದೆ. ಊರೆಲ್ಲ ಚಪ್ಪಾಳೆ ತಟ್ಟಿದರೂ ಇವರಿಗೆ ನಂಬಿಕೆ ಹುಟ್ಟದು. ಗೋಡೆಯಾಚೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವ ಒಂದೇ ಒಂದು ಜೀವದ ಒಪ್ಪಿಗೆ ಬೇಕು, ಅದನ್ನು ಬಾಯಿಬಿಟ್ಟು ಕೇಳಲು ಮಾತ್ರ ಧೈರ್ಯ ಸಾಲದು. ಆದ್ದರಿಂದ ಸದ್ದಿಗೆ ಅರ್ಥ ಹಚ್ಚುತ್ತ ಬದುಕುತ್ತಾರೆ, ಸದ್ದು ನಿಂತ ದಿನ ಎಲ್ಲ ಮುಗಿಯಿತೆಂದು ಕೋಟು ಬಿಚ್ಚುತ್ತಾರೆ. ಆಚೆ ಬದಿಯಲ್ಲಿ ಯಾರಾದರೂ ಕೈಯ ಕೆಲಸವನ್ನು ಕೆಳಗಿಟ್ಟು, ಕಾಲೆತ್ತಿ ಕೂತು, ಉಸಿರು ಬಿಗಿಹಿಡಿದು ಕೇಳುತ್ತಿರಬಹುದೆಂಬುದು ಅವರಿಗೆ ಹೊಳೆಯುವುದೇ ಇಲ್ಲ. ಕೋಟಣ್ಣನಿಗೂ ಹೊಳೆದಿರಲಿಲ್ಲ, ಒಂದು ಜೇಬು ಬಿಚ್ಚಿಸಲು ಪಕ್ಕದ ಮನೆಗೆ ಹೋದ, ಅಷ್ಟರಿಂದ ಬದುಕಿಕೊಂಡ.